ಅನಲಾಗ್ ಫಿಲ್ಟರು: ತಾಮ್ರದ ಸುರುಳಿಯಿಂದ ಕಾರ್ಬನ್ ನಳಿಕೆಯವರೆಗೆ

ನಿಸ್ತಂತು ಸಂಪರ್ಕದಲ್ಲಿ ಫಿಲ್ಟರಿನ ಕೆಲಸ ಆರಿಸುವುದು. ಆಂಟೆನಾದ ಮೇಲೆ ಒಂದೇ ಹೊತ್ತಿಗೆ ಹತ್ತಾರು ನಿಲಯಗಳ, ನೂರಾರು ಫೋನುಗಳ, ಅಕ್ಕಪಕ್ಕದ ವೈಫೈ ಪೆಟ್ಟಿಗೆಗಳ ಸಂಕೇತಗಳು ಬಂದು ಬೀಳುತ್ತವೆ. ಅವುಗಳಲ್ಲಿ ಬೇಕಾದ ಆವರ್ತನಗಳ ಪಟ್ಟಿಯೊಂದನ್ನು ಒಳಗೆ ಬಿಟ್ಟು ಉಳಿದುದನ್ನು ತಡೆಯುವ ವಿದ್ಯುನ್ಮಂಡಲವೇ ಫಿಲ್ಟರು. ಬೇಡದ ಸಂಕೇತವು ಬೇಕಾದುದಕ್ಕಿಂತ ಸಾವಿರಾರು ಪಟ್ಟು ಬಲವಾಗಿರುವುದು ಮಾಮೂಲು. ಆದ್ದರಿಂದ ಎಲ್ಲಿಯವರೆಗೆ ಬಿಡಬೇಕು, ಎಲ್ಲಿಂದ ತಡೆಯಬೇಕು ಎಂಬ ಗಡಿ ನಿಖರವಾಗಿರಲೇಬೇಕು. ನೂರು ವರ್ಷ ದಾಟಿದ ಈ ವಿದ್ಯೆಯ ಚರಿತ್ರೆಯಲ್ಲಿ ಗಣಿತ ಬಹಳ ಬೇಗ ಕೈಗೂಡಿತು. ಆ ನಿಖರತೆಯನ್ನು ಯಾವ ವಸ್ತುವಿನಿಂದ ಪಡೆಯಬೇಕೆಂಬ ಪ್ರಶ್ನೆ ಮಾತ್ರ ಪ್ರತಿ ತಲೆಮಾರಿನಲ್ಲೂ ಹೊಸದಾಗಿ ಎದ್ದಿದೆ. ಕಾರ್ಬನ್ ನ್ಯಾನೋನಳಿಕೆಯ ಟ್ರಾನ್ಸಿಸ್ಟರುಗಳಿಂದ ಕಡಿಮೆ ವಿದ್ಯುತ್ತಿನ ಫಿಲ್ಟರು ಕಟ್ಟುವ ಇಂದಿನ ಪ್ರಯತ್ನಕ್ಕೂ ಎದುರಾಗಿರುವುದು ಅದೇ ಪ್ರಶ್ನೆ.

ಫಿಲ್ಟರಿನ ಹುಟ್ಟು ರೇಡಿಯೋಗಿಂತ ಮೊದಲು ದೂರವಾಣಿ ತಂತಿಯಲ್ಲಿ ಆಯಿತು. ತಂತಿ ಉದ್ದವಾದಷ್ಟೂ ಮಾತು ಕ್ಷೀಣಿಸಿ ಕಲಸಿಹೋಗುತ್ತಿತ್ತು. ತಂತಿಯ ಇಂಡಕ್ಟೆನ್ಸ್ ಹೆಚ್ಚಿಸಿದರೆ ಈ ತೊಂದರೆ ತಗ್ಗುತ್ತದೆಂದು ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1887ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಅಮೆರಿಕದ ಎಟಿ ಅಂಡ್ ಟಿ ಸಂಸ್ಥೆಯ ಜಾರ್ಜ್ ಕ್ಯಾಂಪ್‌ಬೆಲ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯದ ಮೈಕೇಲ್ ಪ್ಯೂಪಿನ್ 1900ರ ಹೊತ್ತಿಗೆ, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ತಂತಿಯುದ್ದಕ್ಕೂ ನಿಗದಿತ ದೂರಕ್ಕೊಂದರಂತೆ ಸುರುಳಿಗಳನ್ನು ಕೂರಿಸುವ ವಿಧಾನವನ್ನು ರೂಪಿಸಿದರು. ಪೇಟೆಂಟ್ ವ್ಯಾಜ್ಯ ಪ್ಯೂಪಿನ್ ಪರವಾಗಿ ಮುಗಿಯಿತು. ಕ್ಯಾಂಪ್‌ಬೆಲ್ ಕೈಗೆ ಉಳಿದದ್ದು ಒಂದು ಗಮನಿಕೆ: ಹೀಗೆ ಸುರುಳಿ ತುಂಬಿದ ತಂತಿಯು ಒಂದು ಮಿತಿಯವರೆಗಿನ ಆವರ್ತನಗಳನ್ನು ಸಲೀಸಾಗಿ ಸಾಗಿಸಿ, ಅದರಾಚೆಗಿನವನ್ನು ಥಟ್ಟನೆ ತಡೆಯುತ್ತಿತ್ತು. ಮಾತಿನ ತಂತಿಗೆ ಇದೊಂದು ಕುಂದು. ಅದನ್ನೇ ಬೇಕೆಂದು ಮಾಡಿಕೊಳ್ಳಬಹುದೆಂದು ಕಂಡುಕೊಂಡದ್ದು ಕ್ಯಾಂಪ್‌ಬೆಲ್ ಅವರ ದೊಡ್ಡತನ. ಸುರುಳಿ ಮತ್ತು ಕೆಪಾಸಿಟರುಗಳನ್ನು ಏಣಿಯಾಕಾರದಲ್ಲಿ ಜೋಡಿಸಿದ ಅವರ ತರಂಗ ಫಿಲ್ಟರಿಗೆ 1917ರಲ್ಲಿ ಪೇಟೆಂಟ್ ದೊರೆಯಿತು. ಜರ್ಮನಿಯ ಕಾರ್ಲ್ ವಿಲ್ಲಿ ವಾಗ್ನರ್ ಕೂಡ 1915ರಲ್ಲಿ ಇದೇ ಮಂಡಲವನ್ನು ಸ್ವತಂತ್ರವಾಗಿ ತಲುಪಿದ್ದರು. ಒಂದನೇ ಮಹಾಯುದ್ಧ ನಡೆಯುತ್ತಿದ್ದ ಆ ದಿನಗಳಲ್ಲಿ ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯುವಂತಿರಲಿಲ್ಲ.

ಇದರ ಮೊದಲ ಫಲ ಕಂಡದ್ದು 1918ರಲ್ಲಿ, ಬಾಲ್ಟಿಮೋರ್ ಮತ್ತು ಪಿಟ್ಸ್‌ಬರ್ಗ್ ನಡುವಣ ಲೈನಿನಲ್ಲಿ. ಒಂದೇ ಜೋಡಿ ತಂತಿಯ ಮೇಲೆ, ಬೇರೆಬೇರೆ ಆವರ್ತನಗಳಿಗೆ ಏರಿಸಿದ ಹಲವು ಸಂಭಾಷಣೆಗಳನ್ನು ಕಳಿಸಿ, ಆ ತುದಿಯಲ್ಲಿ ಫಿಲ್ಟರುಗಳಿಂದ ಬಿಡಿಸಿಕೊಳ್ಳಲಾಯಿತು. ಮುಂದೆ ಒಂದು ಮಾತಿಗೆ 4 ಕಿಲೋಹರ್ಟ್ಸ್ ಜಾಗ, 12 ಮಾತುಗಳಿಗೆ 60ರಿಂದ 108 ಕಿಲೋಹರ್ಟ್ಸ್‌ವರೆಗಿನ ಒಂದು ಗುಂಪು ಎಂಬ ಲೆಕ್ಕ ಜಗತ್ತಿನಾದ್ಯಂತ ರೂಢಿಗೆ ಬಂತು. ತಂತಿಗಿಂತ ಫಿಲ್ಟರು ಅಗ್ಗ ಎಂಬುದು ಮನದಟ್ಟಾದ ಮೇಲೆ ಫಿಲ್ಟರು ವಿನ್ಯಾಸವೇ ಒಂದು ಉದ್ಯೋಗವಾಯಿತು. ನಂತರದ ದಶಕಗಳಲ್ಲಿ ಬಹುವಾಹಿನಿ ದೂರವಾಣಿ ಸಲಕರಣೆಗಳನ್ನು ಭಾರತದಲ್ಲೇ ತಯಾರಿಸಿದ್ದು 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಊರಿನವರ ಬಾಯಲ್ಲಿ ಐಟಿಐ.

ಗಣಿತದ ಸುಗ್ಗಿ 1920ರ ಮತ್ತು 1930ರ ದಶಕಗಳದ್ದು. ಬೆಲ್ ವ್ಯವಸ್ಥೆಯ ಆಟೋ ಝೋಬೆಲ್ 1923ರಲ್ಲಿ ಪ್ರಕಟಿಸಿದ ವಿಧಾನದಿಂದ ಎಂಜಿನಿಯರುಗಳು ಸಿದ್ಧ ತುಣುಕುಗಳನ್ನು ಪೋಣಿಸಿ ಫಿಲ್ಟರು ಮಾಡುವುದನ್ನು ಕಲಿತರು. ಬ್ರಿಟನ್ನಿನ ಸ್ಟೀಫನ್ ಬಟರ್‌ವರ್ತ್ 1930ರಲ್ಲಿ, ಬಿಡಬೇಕಾದ ಪಟ್ಟಿಯುದ್ದಕ್ಕೂ ಏರಿಳಿತವೇ ಇಲ್ಲದೆ ಸಪಾಟಾಗಿರುವ ಸೂತ್ರವನ್ನು ಕೊಟ್ಟರು. ಇವತ್ತಿಗೂ ವಿದ್ಯಾರ್ಥಿಗಳು ಮೊದಲು ಕಲಿಯುವ ಫಿಲ್ಟರು ಅದೇ. ಜರ್ಮನಿಯ ವಿಲ್ಹೆಲ್ಮ್ ಕಾವರ್ ಇನ್ನೂ ಆಳಕ್ಕೆ ಹೋದರು. ಕೊಟ್ಟಷ್ಟು ಭಾಗಗಳಲ್ಲಿ ಅತ್ಯಂತ ಕಡಿದಾದ ಗಡಿಯನ್ನು ಪಡೆಯುವುದು ಹೇಗೆಂಬುದಕ್ಕೆ ಅವರು ಎಲಿಪ್ಟಿಕ್ ಫಲನಗಳಲ್ಲಿ ಉತ್ತರ ಕಂಡುಕೊಂಡರು. ಬೇಕಾದ ಆವರ್ತನ ನಡವಳಿಕೆಯಿಂದ ಹೊರಟು ಮಂಡಲಕ್ಕೆ ಬರುವ ಇಡೀ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಈ ವಿದ್ವಾಂಸರು 1945ರ ಏಪ್ರಿಲ್‌ನಲ್ಲಿ, ಬರ್ಲಿನ್ ಪತನದ ದಿನಗಳಲ್ಲಿ, ಸೋವಿಯೆತ್ ಸೈನಿಕರ ಗುಂಡಿಗೆ ಬಲಿಯಾದರು. ಫಿಲ್ಟರು ಶಾಸ್ತ್ರದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ. 1939ರಲ್ಲಿ ಬೆಲ್ ಪ್ರಯೋಗಾಲಯದ ಸಿಡ್ನಿ ಡಾರ್ಲಿಂಗ್‌ಟನ್ ಕೊಟ್ಟ ಸಂಶ್ಲೇಷಣ ವಿಧಾನದೊಂದಿಗೆ ಸಿದ್ಧಾಂತ ಬಹುಮಟ್ಟಿಗೆ ಪೂರ್ಣವಾಗಿತ್ತು. ಇಂದು ನ್ಯಾನೋನಳಿಕೆಯಲ್ಲಿ ಫಿಲ್ಟರು ರೂಪಿಸುವವರು ಬಳಸುವ ಸೂತ್ರಗಳೂ ಇವೇ.

ರೇಡಿಯೋ ಗ್ರಾಹಕದಲ್ಲಿ ಫಿಲ್ಟರಿಗೆ ಕಾಯಂ ಸ್ಥಾನ ಕೊಟ್ಟದ್ದು ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ರೂಪಿಸಿದ ಸೂಪರ್‌ಹೆಟರೊಡೈನ್ ಪದ್ಧತಿ. ಯಾವ ನಿಲಯಕ್ಕೆ ತಿರುಗಿಸಿದರೂ ಅದರ ಸಂಕೇತವನ್ನು ಒಂದೇ ಮಧ್ಯಂತರ ಆವರ್ತನಕ್ಕೆ ಇಳಿಸಿ, ಆರಿಸುವ ಕೆಲಸವನ್ನೆಲ್ಲ ಅಲ್ಲೇ ಮುಗಿಸುವುದು ಅದರ ಜಾಣತನ. ಮೀಡಿಯಂ ವೇವ್ ರೇಡಿಯೋಗಳಲ್ಲಿ ಈ ಆವರ್ತನ 455 ಕಿಲೋಹರ್ಟ್ಸ್. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಮಾರುತ್ತಿದ್ದ ಟ್ರಾನ್ಸಿಸ್ಟರ್ ರೇಡಿಯೋ ಕಿಟ್ಟುಗಳಲ್ಲಿ ಈ ಕೆಲಸ ಮಾಡುತ್ತಿದ್ದುದು ಬೆರಳ ತುದಿಯಷ್ಟು ಅಗಲದ ಚೌಕಾಕಾರದ ತಗಡಿನ ಡಬ್ಬಿಗಳು. ಅವನ್ನು ಮೆಕ್ಯಾನಿಕ್ಕುಗಳು ಐಎಫ್‌ಟಿ ಎನ್ನುತ್ತಿದ್ದರು. ತಲೆಯ ಮೇಲಿನ ತೂತಿನಲ್ಲಿ ಹಳದಿ, ಬಿಳಿ ಅಥವಾ ಕಪ್ಪು ಬಣ್ಣ ಬಳಿದ ಫೆರೈಟ್ ತಿರುಳು ಕಾಣುತ್ತಿತ್ತು. ಆಸಿಲೇಟರ್ ಸುರುಳಿಯದು ಕೆಂಪು. ಮೆಕ್ಯಾನಿಕ್ಕು ಒಂದು ನಿಲಯ ಹಿಡಿದು, ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಿಂದ ಆ ತಿರುಳನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಸದ್ದು ಅತಿ ಜೋರಾದಲ್ಲಿ ಬಿಟ್ಟು, ಮೇಣದ ಹನಿ ಹಾಕಿ ಕೂರಿಸುತ್ತಿದ್ದ. ಕಬ್ಬಿಣದ ಸ್ಕ್ರೂಡ್ರೈವರ್ ಹಾಕಿದರೆ ಸುರುಳಿಯ ಇಂಡಕ್ಟೆನ್ಸೇ ಬದಲಾಗಿ ಹೊಂದಿಕೆ ಕೆಡುತ್ತಿತ್ತು. ಕಾವರ್, ಡಾರ್ಲಿಂಗ್‌ಟನ್ ಕಾಗದದ ಮೇಲೆ ಬರೆದ ನಿಖರತೆ ಮನೆಮನೆಯ ರೇಡಿಯೋ ತಲುಪಿದ್ದು ಇಂಥ ಕೈಗಳ ಮೂಲಕ.

ಸುರುಳಿಗೆ ಸಾಲದ ಕಡೆ ಕಂಪಿಸುವ ವಸ್ತುಗಳು ಬಂದವು. ಬೆಲ್ ಪ್ರಯೋಗಾಲಯದ ವಾರೆನ್ ಮೇಸನ್ ಕ್ವಾರ್ಟ್ಜ್ ಹರಳುಗಳಿಂದ ದೂರವಾಣಿಯ ಫಿಲ್ಟರು ಮಾಡಿದರು. ಕಾಲಿನ್ಸ್ ರೇಡಿಯೋ ಕಂಪನಿ 1952ರ ಸುಮಾರಿಗೆ ಲೋಹದ ಪುಟ್ಟ ಬಿಲ್ಲೆಗಳು ಕಂಪಿಸುವ ಯಾಂತ್ರಿಕ ಫಿಲ್ಟರನ್ನು ಮಾರುಕಟ್ಟೆಗೆ ತಂದಿತು. ಇಲ್ಲಿ ನಿಖರತೆ ಬಂದದ್ದು ಕತ್ತರಿಸಿ ಉಜ್ಜಿದ ಅಳತೆಯಿಂದ.

ಟ್ರಾನ್ಸಿಸ್ಟರು ಮತ್ತು ಚಿಪ್ಪು ಬಂದಾಗ ಸುರುಳಿ ದೊಡ್ಡ ಅಡ್ಡಿಯಾಯಿತು. ಮಾತಿನ ಆವರ್ತನಗಳಿಗೆ ಬೇಕಾಗುವ ಸುರುಳಿ ಭಾರದ್ದು, ದುಬಾರಿಯದು. ಸಿಲಿಕಾನಿನ ಮೇಲೆ ಅದನ್ನು ಕಟ್ಟುವಂತೆಯೇ ಇಲ್ಲ. ಅಮೆರಿಕದ ಲಿಂಕನ್ ಪ್ರಯೋಗಾಲಯದ ಸಾಲನ್ ಮತ್ತು ಕೀ 1955ರಲ್ಲಿ, ರೆಸಿಸ್ಟರು, ಕೆಪಾಸಿಟರು ಹಾಗೂ ಒಂದು ವರ್ಧಕ ಇದ್ದರೆ ಸುರುಳಿಯ ಹಂಗಿಲ್ಲದೆ ಫಿಲ್ಟರು ಮಾಡಬಹುದೆಂದು ತೋರಿಸಿದರು. ಆಗ ಅವರ ಕೈಯಲ್ಲಿದ್ದ ವರ್ಧಕ ನಿರ್ವಾತ ಕವಾಟದ್ದು. 1968ರಲ್ಲಿ 741 ಎಂಬ ಆಪ್-ಆಂಪ್ ಚಿಪ್ಪು ಬಂದು ಅಗ್ಗವಾದ ಮೇಲೆ ಈ ಮಂಡಲ ಎಲ್ಲ ಕಡೆ ಹರಡಿತು. ಆದರೆ ಚಿಪ್ಪಿನ ಹೊರಗೆ ನಿಖರವಾದ ರೆಸಿಸ್ಟರುಗಳನ್ನು ಕೂರಿಸಲೇಬೇಕಿತ್ತು. ಚಿಪ್ಪಿನ ಒಳಗೆ ಮಾಡಿದ ರೆಸಿಸ್ಟರಿನ ಬೆಲೆ ಒಂದು ತಯಾರಿಕೆಯಿಂದ ಇನ್ನೊಂದಕ್ಕೆ ಶೇಕಡ 20ರಷ್ಟು ಆಚೀಚೆ ಆಗುತ್ತಿತ್ತು.

ಈ ಗಂಟನ್ನು ಬಿಡಿಸಿದ ಉಪಾಯ ಇಡೀ ಚರಿತ್ರೆಯಲ್ಲೇ ಅತ್ಯಂತ ಸುಂದರವಾದುದು. ಕೆಪಾಸಿಟರೊಂದನ್ನು ಎರಡು ಬಿಂದುಗಳ ನಡುವೆ ಸ್ವಿಚ್ಚಿನಿಂದ ಪದೇಪದೇ ಅತ್ತಿತ್ತ ಮಾಡಿದರೆ ಅದು ಪ್ರತಿ ಸಲ ಒಂದಿಷ್ಟು ವಿದ್ಯುದಂಶವನ್ನು ದಾಟಿಸುತ್ತದೆ. ಅಂದರೆ ರೆಸಿಸ್ಟರಿನಂತೆ ವರ್ತಿಸುತ್ತದೆ. 1 ಪಿಕೋಫ್ಯಾರಡ್ ಕೆಪಾಸಿಟರನ್ನು ಸೆಕೆಂಡಿಗೆ ಒಂದು ಲಕ್ಷ ಸಲ ಹೀಗೆ ಮಾಡಿದರೆ ಅದು 10 ಮೆಗಾಓಮ್ ರೆಸಿಸ್ಟರಿಗೆ ಸಮ. ಆಗ ಫಿಲ್ಟರಿನ ಗಡಿ ಅವಲಂಬಿಸುವುದು ಎರಡು ಕೆಪಾಸಿಟರುಗಳ ಅನುಪಾತ ಮತ್ತು ಗಡಿಯಾರದ ಬಡಿತದ ಮೇಲೆ. ಒಂದೇ ಚಿಪ್ಪಿನಲ್ಲಿ ಅಕ್ಕಪಕ್ಕ ಬಿಡಿಸಿದ ಎರಡು ಕೆಪಾಸಿಟರುಗಳ ಬೆಲೆ ಏನೇ ಆಗಲಿ, ಅವುಗಳ ಅನುಪಾತ ಸಾವಿರದಲ್ಲಿ ಒಂದರಷ್ಟು ನಿಖರ. ಬಡಿತ ಕ್ವಾರ್ಟ್ಜ್ ಹರಳಿನದು. 1977ರಲ್ಲಿ ಬರ್ಕ್ಲಿಯ ಹಾಸ್ಟಿಕ್ಕ, ಬ್ರಾಡರ್‌ಸನ್ ಮತ್ತು ಗ್ರೇ ಹಾಗೂ ಕೆನಡಾದ ಇನ್ನೊಂದು ತಂಡ ಇದನ್ನು ಚಿಪ್ಪುಗಳ ಮಾಸ್ (MOS) ತಂತ್ರಜ್ಞಾನದಲ್ಲಿ ಸಾಧಿಸಿದವು. ಕೆಲವೇ ವರ್ಷಗಳಲ್ಲಿ ಅದು ದೂರವಾಣಿ ಎಕ್ಸ್‌ಚೇಂಜುಗಳನ್ನು ಹೊಕ್ಕಿತು. ಡಿಜಿಟಲ್ ಎಕ್ಸ್‌ಚೇಂಜಿನಲ್ಲಿ ಪ್ರತಿ ಚಂದಾದಾರರ ಲೈನಿಗೂ ಮಾತನ್ನು 3.4 ಕಿಲೋಹರ್ಟ್ಸ್‌ಗೆ ಮಿತಿಗೊಳಿಸುವ ಫಿಲ್ಟರು ಬೇಕು. ಸುರುಳಿಗಳ ಕಾಲದಲ್ಲಿ ಅದು ಕೈಗೆಟುಕುವ ಮಾತೇ ಆಗಿರಲಿಲ್ಲ. ಭಾರತದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ಮೊದಲ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜು 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಕೆಲಸ ಶುರುಮಾಡಿತು.

ಮೆಗಾಹರ್ಟ್ಸ್‌ಗಳಲ್ಲಿ ಈ ಉಪಾಯ ಏದುಸಿರು ಬಿಡುತ್ತದೆ, ಏಕೆಂದರೆ ಸ್ವಿಚ್ಚುಗಳು ಸಂಕೇತಕ್ಕಿಂತ ಹಲವು ಪಟ್ಟು ವೇಗವಾಗಿ ಬಡಿಯಬೇಕು. ಅಲ್ಲಿ ಟ್ರಾನ್ಸ್‌ಕಂಡಕ್ಟರ್ ಮತ್ತು ಕೆಪಾಸಿಟರುಗಳ ಫಿಲ್ಟರು, ಎಂಜಿನಿಯರುಗಳ ಮಾತಿನಲ್ಲಿ ಜಿಎಂ-ಸಿ, ಮುಂದೆ ಬಂತು. ಟ್ರಾನ್ಸ್‌ಕಂಡಕ್ಟರ್ ವೋಲ್ಟೇಜನ್ನು ಪ್ರವಾಹವಾಗಿಸುತ್ತದೆ, ಆ ಪ್ರವಾಹ ಕೆಪಾಸಿಟರನ್ನು ತುಂಬುತ್ತದೆ. ಆ ಪರಿವರ್ತನೆಯ ಪ್ರಮಾಣವಾದ ಜಿಎಂ ಅನ್ನು ಕೆಪಾಸಿಟೆನ್ಸ್ ಸಿ ಇಂದ, ಮತ್ತೆ 2πಯಿಂದ ಭಾಗಿಸಿದರೆ ಗಡಿ ಸಿಗುತ್ತದೆ. 100 ಮೈಕ್ರೋಸೀಮೆನ್ಸ್ ಮತ್ತು 10 ಪಿಕೋಫ್ಯಾರಡ್ ಇದ್ದರೆ ಗಡಿ ಸುಮಾರು 1.6 ಮೆಗಾಹರ್ಟ್ಸ್. ನೆದರ್‌ಲೆಂಡ್ಸಿನ ಬ್ರಾಮ್ ನೌಟ 1992ರಲ್ಲಿ, ಡಿಜಿಟಲ್ ಚಿಪ್ಪುಗಳಲ್ಲಿ ಬಳಸುವ ಸಾದಾ ಇನ್ವರ್ಟರುಗಳನ್ನೇ ಟ್ರಾನ್ಸ್‌ಕಂಡಕ್ಟರುಗಳಾಗಿಸಿ, 3 ಮೈಕ್ರಾನಿನ ಹಳೆಯ ತಂತ್ರಜ್ಞಾನದಲ್ಲೂ 98 ಮೆಗಾಹರ್ಟ್ಸ್ ಫಿಲ್ಟರು ತೋರಿಸಿದರು. ಜಿಎಂ ಮತ್ತು ಸಿ ಒಂದೇ ಜಾತಿಯ ಭಾಗಗಳಲ್ಲದ್ದರಿಂದ ಅನುಪಾತದ ಆಸರೆ ಇಲ್ಲಿಲ್ಲ. ಸೆಕೆ, ಚಳಿ, ತಯಾರಿಕೆಯ ವ್ಯತ್ಯಾಸ ಎಲ್ಲಕ್ಕೂ ಗಡಿ ಸರಿಯುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಚಿಪ್ಪಿನೊಳಗೇ ಇನ್ನೊಂದು ಹೊಂದಾಣಿಕೆ ಮಂಡಲ ಸದಾ ಕಾವಲಿರಬೇಕು. ಮೊಬೈಲ್ ಫೋನುಗಳು ಮಧ್ಯಂತರ ಆವರ್ತನವನ್ನು ಕೈಬಿಟ್ಟು ಸಂಕೇತವನ್ನು ನೇರ ಶೂನ್ಯಕ್ಕೆ ಇಳಿಸತೊಡಗಿದಾಗ, ಚಾನೆಲ್ ಆರಿಸುವ ಹೊಣೆ ಇಂಥ ಚಿಪ್ಪಿನೊಳಗಣ ಫಿಲ್ಟರುಗಳ ಮೇಲೆ ಬಿತ್ತು.

ಕಡಿಮೆ ವಿದ್ಯುತ್ತಿನ ಮಾತಿಗೆ ಬೇರೆಯದೇ ವಂಶವಿದೆ. ಅದು ಸ್ವಿಟ್ಜರ್ಲೆಂಡಿನ ಕೈಗಡಿಯಾರಗಳದು. ನ್ಯೂಶಾಟೆಲ್‌ನ ಎರಿಕ್ ವಿಟ್ಟೋ ಮತ್ತು ಫೆಲ್‌ರಾತ್ 1977ರಲ್ಲಿ, ಟ್ರಾನ್ಸಿಸ್ಟರನ್ನು ಪೂರ್ತಿ ತೆರೆಯದೆ ತೊಟ್ಟಿಕ್ಕುವ ಸ್ಥಿತಿಯಲ್ಲೇ ನಡೆಸಿ ಅನಲಾಗ್ ಮಂಡಲ ಕಟ್ಟುವ ಕ್ರಮವನ್ನು ವಿವರಿಸಿದರು. ಅಲ್ಲಿ ಪ್ರವಾಹಕ್ಕೆ ಸಿಗುವ ಜಿಎಂ ಅತಿ ಹೆಚ್ಚು. ಕೊಠಡಿಯ ಉಷ್ಣತೆಯಲ್ಲಿ ಒಂದು ಮೈಕ್ರೋಆಂಪಿಯರಿಗೆ 38 ಮೈಕ್ರೋಸೀಮೆನ್ಸ್ ದಾಟಲಾಗದು. ಇದಲ್ಲದೆ ಉಷ್ಣದ ಗದ್ದಲವೇ ಹಾಕಿದ ಗೆರೆಯೊಂದಿದೆ: ಫಿಲ್ಟರಿನ ಪ್ರತಿ ಧ್ರುವಕ್ಕೆ 8ಕೆಟಿ (ಕೆಟಿ ಎಂದರೆ ಉಷ್ಣದ ಶಕ್ತಿಯ ಅಳತೆ), ಆವರ್ತನ, ಸಂಕೇತ-ಗದ್ದಲ ಅನುಪಾತ ಈ ಮೂರರ ಗುಣಲಬ್ಧದಷ್ಟು ವಿದ್ಯುತ್ತು ಬೇಕೇ ಬೇಕು. 1 ಮೆಗಾಹರ್ಟ್ಸ್, 60 ಡೆಸಿಬೆಲ್‌ಗೆ ಅದು ಸುಮಾರು 33 ನ್ಯಾನೋವಾಟ್. ನಿಜವಾದ ಫಿಲ್ಟರುಗಳು ಇದರ ನೂರಾರು ಪಟ್ಟು ಸುಡುತ್ತವೆ. ಹೊಸ ಟ್ರಾನ್ಸಿಸ್ಟರು ಯಾವುದೇ ಬರಲಿ, ಅದರ ಯೋಗ್ಯತೆಯನ್ನು ಅಳೆಯಬೇಕಾದುದು ಈ ಅಂತರವನ್ನು ಅದು ಎಷ್ಟು ತಗ್ಗಿಸುತ್ತದೆ ಎಂಬುದರಿಂದ.

ಜಪಾನಿನ ಎನ್ಇಸಿ ಪ್ರಯೋಗಾಲಯದ ಸುಮಿಯೋ ಇಜಿಮಾ 1991ರಲ್ಲಿ ಪ್ರಕಟಿಸಿದ ಚಿತ್ರಗಳಿಂದ ಕಾರ್ಬನ್ ನ್ಯಾನೋನಳಿಕೆ ಜಗತ್ತಿನ ಗಮನ ಸೆಳೆಯಿತು. ಒಂಟಿ ಗೋಡೆಯ ನಳಿಕೆ 1993ರಲ್ಲಿ ಕಂಡಿತು. ಬೆಂಗಳೂರಿನಲ್ಲೂ ಈ ವಿಷಯ ಬಲುಬೇಗ ಬೇರೂರಿತು. ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು 2000ದಲ್ಲಿ ವೈ ಆಕಾರದ ಕವಲು ನಳಿಕೆಗಳನ್ನು ಬೆಳೆಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್ ತಂಡ 2003ರಲ್ಲಿ, ನಳಿಕೆಗಳ ಮೇಲೆ ದ್ರವ ಹರಿದರೆ ವೋಲ್ಟೇಜು ಹುಟ್ಟುವುದನ್ನು ವರದಿ ಮಾಡಿತು. ಅಷ್ಟರಲ್ಲಿ, 1998ರಲ್ಲೇ, ಡೆಲ್ಫ್ಟ್‌ನಲ್ಲಿ ಸೀಸ್ ಡೆಕ್ಕರ್ ತಂಡವೂ ಐಬಿಎಂನಲ್ಲಿ ಫೇಡನ್ ಅವೂರಿಸ್ ತಂಡವೂ ಒಂದೇ ನಳಿಕೆಯಿಂದ ಟ್ರಾನ್ಸಿಸ್ಟರು ಮಾಡಿ ತೋರಿಸಿದ್ದವು.

ನಳಿಕೆಯೆಂದರೆ ಒಂದು ಪರಮಾಣುವಿನಷ್ಟೇ ದಪ್ಪದ ಕಾರ್ಬನ್ ಹಾಳೆಯನ್ನು ಚಾಪೆ ಸುತ್ತಿದಂತೆ ಸುತ್ತಿದ್ದು. ಯಾವ ಓರೆಯಲ್ಲಿ, ಎಷ್ಟು ಸುತ್ತಳತೆಗೆ ಸುತ್ತಿದೆ ಎಂಬುದನ್ನು ಎರಡು ಪೂರ್ಣಾಂಕಗಳು ಹೇಳುತ್ತವೆ. ಅವೆರಡರ ವ್ಯತ್ಯಾಸ 3ರಿಂದ ಭಾಗವಾದರೆ ನಳಿಕೆ ಲೋಹ, ಇಲ್ಲವಾದರೆ ಅರೆವಾಹಕ. (19,0) ನಳಿಕೆಯ ವ್ಯಾಸ 1.49 ನ್ಯಾನೋಮೀಟರ್, ಅದು ಒಳ್ಳೆಯ ಟ್ರಾನ್ಸಿಸ್ಟರಾಗುತ್ತದೆ. ಅದಕ್ಕಿಂತ ಬರೀ 0.08 ನ್ಯಾನೋಮೀಟರ್ ಸಣ್ಣದಾದ (18,0) ಲೋಹದಂತೆ ವರ್ತಿಸಿ, ಗೇಟಿಗೆ ಎಷ್ಟು ವೋಲ್ಟೇಜು ಕೊಟ್ಟರೂ ಆರುವುದೇ ಇಲ್ಲ. ಸುಮ್ಮನೆ ಬೆಳೆಸಿದ ನಳಿಕೆಗಳಲ್ಲಿ ಮೂರರಲ್ಲೊಂದು ಇಂಥದ್ದು.

ಫಿಲ್ಟರು ಮಾಡುವವರನ್ನು ಈ ಟ್ರಾನ್ಸಿಸ್ಟರು ಸೆಳೆದದ್ದಕ್ಕೆ ಗಟ್ಟಿ ಕಾರಣಗಳಿವೆ. ಒಳ್ಳೆಯ ನಳಿಕೆಯಲ್ಲಿ ಎಲೆಕ್ಟ್ರಾನು ಎಲ್ಲೂ ಡಿಕ್ಕಿ ಹೊಡೆಯದೆ ಸಾಗಬಲ್ಲದು. ಪೆಲ್ಲೇಡಿಯಂ ಸಂಪರ್ಕ ಕೊಟ್ಟು ಇದನ್ನು ಸ್ಟ್ಯಾನ್‌ಫರ್ಡಿನ ಹೊಂಗ್‌ಜಿ ದಾಯ್ ತಂಡ 2003ರಲ್ಲಿ ಸಾಧಿಸಿತು. ಅನಗತ್ಯ ಕೆಪಾಸಿಟೆನ್ಸ್ ಕಡಿಮೆ. ಸಿಲಿಕಾನಿನಲ್ಲಿ ರಂಧ್ರಗಳು ಎಲೆಕ್ಟ್ರಾನುಗಳಿಗಿಂತ ನಿಧಾನ, ಹಾಗಾಗಿ ಪಿ ಟ್ರಾನ್ಸಿಸ್ಟರನ್ನು ಎನ್‌ಗಿಂತ ಎರಡು ಮೂರು ಪಟ್ಟು ಅಗಲ ಮಾಡಬೇಕು. ನಳಿಕೆಯಲ್ಲಿ ಎರಡೂ ಸರಿಸಮಾನ. ನೌಟ ಅವರ ಇನ್ವರ್ಟರ್ ಫಿಲ್ಟರಿಗೆ ಹೇಳಿ ಮಾಡಿಸಿದ ಗುಣವಿದು. ಸರಿಯಾಗಿ ರೂಪಿಸಿದರೆ ನಳಿಕೆಯ ಟ್ರಾನ್ಸಿಸ್ಟರು ಬಲವಾದ ಸಂಕೇತವನ್ನೂ ಹೆಚ್ಚು ವಿರೂಪಗೊಳಿಸದು ಎಂಬ ನಿರೀಕ್ಷೆಯೂ ಇದೆ. ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು: ಮೇಲೆ ಹೇಳಿದ ಕನಿಷ್ಠ ವಿದ್ಯುತ್ತಿನ ಗೆರೆಯನ್ನು ನಳಿಕೆ ದಾಟಲಾರದು, ಏಕೆಂದರೆ ಅದು ಉಷ್ಣದ ಗೆರೆ, ಸಿಲಿಕಾನಿನದಲ್ಲ. ಕಡಿಮೆ ವೋಲ್ಟೇಜಿನಲ್ಲಿ, ಹೆಚ್ಚಿನ ಆವರ್ತನದಲ್ಲಿ ಆ ಗೆರೆಯ ಹತ್ತಿರ ನಿಲ್ಲುವ ಅವಕಾಶ ನಳಿಕೆಯದು.

ಜಿಯೆ ಡೆಂಗ್ ಮತ್ತು ಫಿಲಿಪ್ ವಾಂಗ್ 2007ರಲ್ಲಿ ಸ್ಟ್ಯಾನ್‌ಫರ್ಡಿನಿಂದ ಹೊರತಂದ ಗಣಕ ಮಾದರಿ ಈ ವಿದ್ಯೆಯ ಬಾಗಿಲನ್ನು ಎಲ್ಲರಿಗೂ ತೆರೆಯಿತು. ನಳಿಕೆಗಳ ಸಂಖ್ಯೆ, ವ್ಯಾಸ, ನಡುವಣ ಅಂತರ ಕೊಟ್ಟರೆ ಮಂಡಲ ಹೇಗೆ ನಡೆಯುತ್ತದೆಂದು ಅದು ಲೆಕ್ಕ ಹಾಕುತ್ತದೆ. ಸ್ವಚ್ಛ ಕೊಠಡಿಯಿಲ್ಲದ ಕಾಲೇಜಿನಲ್ಲೂ ನ್ಯಾನೋನಳಿಕೆಯ ಆಪ್-ಆಂಪ್, ಟ್ರಾನ್ಸ್‌ಕಂಡಕ್ಟರು, ಕರೆಂಟ್ ಕನ್ವೇಯರ್ ವಿನ್ಯಾಸ ಮಾಡುವುದು ಸಾಧ್ಯವಾಯಿತು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ ಸೇರಿದಂತೆ ಭಾರತದ, ಇರಾನಿನ ಹಲವು ಕಡೆಗಳಿಂದ ಪ್ರಬಂಧಗಳು ಬಂದವು. 32 ನ್ಯಾನೋಮೀಟರ್ ಗೇಟು, 0.9 ವೋಲ್ಟ್ ಎಂಬುದು ಅವುಗಳಲ್ಲಿ ಪದೇಪದೇ ಕಾಣುವ ಅಳತೆ. ಈ ಕೆಲಸ ಅಮೂಲ್ಯವಾದುದು. ಆದರೆ ಅವುಗಳಲ್ಲಿ ಬಹುಪಾಲು ಎಲ್ಲ ನಳಿಕೆಗಳೂ ಒಂದೇ ವ್ಯಾಸದವು, ಒಂದೂ ಲೋಹದ್ದಲ್ಲ ಎಂದು ಎಣಿಸಿಕೊಂಡ ಲೆಕ್ಕಗಳು.

ನಿಜದಲ್ಲಿ ಆಗುವುದೇನೆಂದು ಹತ್ತು ನಳಿಕೆಗಳ ಒಂದು ಟ್ರಾನ್ಸ್‌ಕಂಡಕ್ಟರನ್ನು ನೋಡಿದರೆ ತಿಳಿಯುತ್ತದೆ. ಪ್ರತಿ ನಳಿಕೆ 30 ಮೈಕ್ರೋಸೀಮೆನ್ಸ್ ಕೊಟ್ಟರೆ ಒಟ್ಟು 300. ಬೆಳೆಯುವಾಗ ಒಂದು ನಳಿಕೆ ಕಡಿಮೆಯಾದರೆ ಜಿಎಂ ಶೇಕಡ ಹತ್ತರಷ್ಟು ಇಳಿಯುತ್ತದೆ, ಫಿಲ್ಟರಿನ ಗಡಿಯೂ ಅಷ್ಟೇ ಇಳಿಯುತ್ತದೆ. ಎಲ್ಲ ಟ್ರಾನ್ಸ್‌ಕಂಡಕ್ಟರುಗಳಲ್ಲೂ ಒಂದೇ ರೀತಿ ಇಳಿದರೆ ಹೊಂದಾಣಿಕೆ ಮಂಡಲ ಅದನ್ನು ಸರಿಪಡಿಸುತ್ತದೆ. ಒಂದರಲ್ಲಿ ಒಂಬತ್ತು, ಪಕ್ಕದ್ದರಲ್ಲಿ ಹನ್ನೊಂದು ಬಂದರೆ ಬಟರ್‌ವರ್ತ್‌ನ ಸಪಾಟು ರೇಖೆಯೇ ಸೊಟ್ಟಗಾಗುತ್ತದೆ, ಅದಕ್ಕೆ ಮದ್ದಿಲ್ಲ. ಹತ್ತರಲ್ಲಿ ಒಂದು ಲೋಹದ್ದಾದರೆ ಇನ್ನೂ ಕಷ್ಟ: ಪ್ರವಾಹ ಅದರ ಮೂಲಕ ಸೋರಿ, ವರ್ಧನೆ ಕುಸಿದು, ಫಿಲ್ಟರಿನ ಅಂಚು ಮೊಂಡಾಗುತ್ತದೆ. ಡಿಜಿಟಲ್ ಮಂಡಲ ಒಂದು ಸೊನ್ನೆಗಳ ನಡುವೆ ಇಂಥ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ. ಅನುಪಾತವನ್ನೇ ನಂಬಿರುವ ಫಿಲ್ಟರಿಗೆ ಆ ಔದಾರ್ಯವಿಲ್ಲ. ಕಡಿಮೆ ಆವರ್ತನದಲ್ಲಿ ಹೆಚ್ಚುವ ಗದ್ದಲವೂ ನಳಿಕೆಯಲ್ಲಿ ಜಾಸ್ತಿಯೆಂದು ಬರ್ಕ್ಲಿಯಲ್ಲಿ 2000ದಲ್ಲೇ ಅಳೆಯಲಾಗಿತ್ತು. ಸಂಕೇತವನ್ನು ಶೂನ್ಯಕ್ಕೆ ಇಳಿಸುವ ಗ್ರಾಹಕಗಳಿಗೆ ಇದು ನೇರ ಪೆಟ್ಟು.

ಕೈಯಿಂದ ಮುಟ್ಟಬಹುದಾದ ಸಾಧನೆಗಳೂ ಈ ನಡುವೆ ಆದವು. ಬರ್ಕ್ಲಿಯ ಅಲೆಕ್ಸ್ ಝೆಟ್ಲ್ ತಂಡ 2007ರಲ್ಲಿ ಒಂದೇ ನಳಿಕೆಯನ್ನು ಇಡೀ ರೇಡಿಯೋ ಆಗಿಸಿತು: ಆಂಟೆನಾ, ಆರಿಸುವಿಕೆ, ವರ್ಧನೆ, ಸಂಕೇತ ಬಿಡಿಸುವುದು ಎಲ್ಲವೂ ಅದರದೇ. ಅಲ್ಲಿ ಫಿಲ್ಟರಾಗಿದ್ದುದು ನಳಿಕೆಯ ಯಾಂತ್ರಿಕ ಕಂಪನ, ಅಂದರೆ ಕಾಲಿನ್ಸ್ ಬಿಲ್ಲೆಗಳ ತತ್ತ್ವವೇ. ಮರುವರ್ಷ ಇಲಿನಾಯ್‌ನ ಜಾನ್ ರಾಜರ್ಸ್ ತಂಡ ನಾರ್ತ್‌ರಪ್ ಗ್ರಮ್ಮನ್ ಜೊತೆಗೂಡಿ, ಸಾಲಾಗಿ ಬೆಳೆಸಿದ ನಳಿಕೆಗಳ ಟ್ರಾನ್ಸಿಸ್ಟರುಗಳಿಂದ ರೇಡಿಯೋ ಕಟ್ಟಿ, ಬಾಲ್ಟಿಮೋರಿನ ನಿಲಯವೊಂದನ್ನು ಕೇಳಿಸಿತು. 2013ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ 178 ಟ್ರಾನ್ಸಿಸ್ಟರುಗಳ ನಳಿಕೆಯ ಗಣಕ ಬಂತು. 2019ರಲ್ಲಿ ಎಂಐಟಿಯ ಮ್ಯಾಕ್ಸ್ ಶುಲೇಕರ್ ತಂಡ 14,000ಕ್ಕೂ ಹೆಚ್ಚು ಟ್ರಾನ್ಸಿಸ್ಟರುಗಳ ಪ್ರೊಸೆಸರ್ ಮಾಡಿತು. ಅದೇ ತಂಡ ನಳಿಕೆಗಳ ಪೂರಕ ಜೋಡಿಯಿಂದ ಆಪ್-ಆಂಪನ್ನೂ ತಯಾರಿಸಿ ಅಳೆಯಿತು. ಫಿಲ್ಟರಿನ ದೃಷ್ಟಿಯಿಂದ ಪ್ರೊಸೆಸರಿಗಿಂತ ಹೆಚ್ಚು ತೂಕದ ಸುದ್ದಿ ಇದು. ಕಾರ್ಬೋನಿಕ್ಸ್ ಕಂಪನಿಯ ನಳಿಕೆ ಟ್ರಾನ್ಸಿಸ್ಟರು ಆ ವರ್ಷ 100 ಗಿಗಾಹರ್ಟ್ಸ್ ದಾಟಿತು. 2020ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ಲಿಯನ್‌ಮಾವ್ ಪೆಂಗ್ ತಂಡ ಲೋಹದ ನಳಿಕೆಗಳನ್ನು ಹತ್ತು ಲಕ್ಷಕ್ಕೆ ಒಂದರ ಮಟ್ಟಕ್ಕೆ ಇಳಿಸಿ, ಒಂದು ಮೈಕ್ರಾನಿನಲ್ಲಿ ನೂರಕ್ಕೂ ಹೆಚ್ಚು ನಳಿಕೆಗಳನ್ನು ಸಾಲಾಗಿ ಮಲಗಿಸಿತು. ಸಾಲು ಹೀಗೆ ದಟ್ಟವಾದಷ್ಟೂ ಒಂದೆರಡು ನಳಿಕೆಗಳ ಏರುಪೇರು ಜಿಎಂ ಮೇಲೆ ಬೀರುವ ಪರಿಣಾಮ ತಗ್ಗುತ್ತದೆ.

ನಳಿಕೆಯ ಪದರವನ್ನು ಕಡಿಮೆ ಶಾಖದಲ್ಲಿ ಕೂರಿಸಬಹುದಾದ್ದರಿಂದ ಸಿದ್ಧ ಸಿಲಿಕಾನ್ ಚಿಪ್ಪಿನ ಮೇಲೇ ಅದನ್ನು ಕಟ್ಟಲು ಬರುತ್ತದೆ. ಶುಲೇಕರ್ ಮತ್ತು ಸ್ಟ್ಯಾನ್‌ಫರ್ಡಿನ ಸಂಗಡಿಗರು 2017ರಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ನಳಿಕೆ ಟ್ರಾನ್ಸಿಸ್ಟರುಗಳಿರುವ ಇಂಥ ಬಹುಮಹಡಿ ಚಿಪ್ಪನ್ನು ತೋರಿಸಿದ್ದಾರೆ. ಮೇಲಿನ ಪದರದಲ್ಲಿ ನಳಿಕೆಯ ಜಿಎಂ-ಸಿ ಫಿಲ್ಟರು, ಅದರ ಗಡಿಯನ್ನು ಅಳೆದು ತಿದ್ದುವ ಹೊಂದಾಣಿಕೆ ಮಂಡಲ ಕೆಳಗಿನ ಸಿಲಿಕಾನಿನಲ್ಲಿ ಎಂಬ ವಿಂಗಡಣೆಗೆ ಈ ರಚನೆ ದಾರಿ ಮಾಡಿಕೊಡುತ್ತದೆ. ನಳಿಕೆ ಟ್ರಾನ್ಸಿಸ್ಟರುಗಳನ್ನು ಸಾಮಾನ್ಯ ಸಿಲಿಕಾನ್ ಕಾರ್ಖಾನೆಗಳಲ್ಲಿ, ಅಲ್ಲಿನ ಯಂತ್ರಗಳಲ್ಲೇ, 200 ಮಿಲಿಮೀಟರ್ ಬಿಲ್ಲೆಗಳ ಮೇಲೆ ತಯಾರಿಸಬಹುದೆಂಬುದನ್ನು ಎಂಐಟಿ ತಂಡ 2020ರಲ್ಲಿ ತೋರಿಸಿಕೊಟ್ಟಿತು.